ನೇಪಾಳದಲ್ಲೊಂದು ಬೀಗರೂಟ

ಸುನೌಲಿ

ಪರದೇಶಕ್ಕೆ ಹೋಗುವವರು ವಿಮಾನ ಹತ್ತುತ್ತಾರೆ. ನಾನು ಮತ್ತು ನನ್ನ ವಾರಗಿತ್ತಿ ಜಯಕ್ಕ ನಡೆದುಕೊಂಡು ಹೋದೆವು. ಪಾಂಡವಪುರದಲ್ಲಿ ರೈಲು ಹತ್ತಿ, ಬೆಂಗಳೂರಿನಲ್ಲಿ ಬದಲಾಯಿಸಿ, ಗೋರಖ್‌ಪುರದಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಸುನೌಲಿ ಎಂಬ ಗಡಿಯೂರು ಸೇರಿದಾಗ ಬೆಳಗಿನ ಮಂಜು ಇನ್ನೂ ಬಿಟ್ಟಿರಲಿಲ್ಲ. ಲಾರಿಗಳು, ಸೈಕಲ್ ರಿಕ್ಷಾಗಳು, ಕೋಳಿಪಂಜರ ಹೊತ್ತವರ ನಡುವೆ ಚೀಲ ಹಿಡಿದು ನಡೆಯುತ್ತಾ ಹೋದೆವು. ಯಾರಾದರೂ ತಡೆದು ನಿಲ್ಲಿಸುತ್ತಾರೆ, ಎಲ್ಲಿಗೆ ಯಾಕೆ ಎಂದು ಕೇಳುತ್ತಾರೆ ಎಂದು ನಾನು ವೋಟರ್ ಕಾರ್ಡನ್ನು ಕೈಯಲ್ಲೇ ಹಿಡಿದಿದ್ದೆ. ಯಾರೂ ಕೇಳಲಿಲ್ಲ.

"ನೇಪಾಳ ಎಲ್ಲದೆ ಅಂತ ಕೇಳೇ" ಎಂದಳು ಜಯಕ್ಕ.

ಟೀ ಮಾರುವವನನ್ನು ಕೇಳಿದೆ. ಅವನು ನಗುತ್ತಾ ನಮ್ಮ ಕಾಲಿನ ಕಡೆ ಬೆರಳು ತೋರಿಸಿದ. ದೊಡ್ಡ ಕಮಾನೊಂದು ನಮ್ಮ ಬೆನ್ನ ಹಿಂದೆ ಉಳಿದಿತ್ತು. ಜಯಕ್ಕ ತಿರುಗಿ ನೋಡಿ, "ಇಷ್ಟೇಯಾ? ಸಿಂಧಘಟ್ಟದಿಂದ ಕೆ.ಆರ್.ಪೇಟೆಗೆ ಓದಂಗಾಯ್ತಲ್ಲೇ" ಎಂದು ಬೇಸರ ಮಾಡಿಕೊಂಡಳು.

ಬೇಸರ ಬಹಳ ಹೊತ್ತು ಉಳಿಯಲಿಲ್ಲ. ಸ್ವಲ್ಪ ಮುಂದೆ ನೇಪಾಳದ ಪೊಲೀಸಿನವನೊಬ್ಬ ನಮ್ಮ ಚೀಲ ಬಿಚ್ಚಿಸಿದ. ಸ್ಟೀಲ್ ತಟ್ಟೆಗಳು ಹೊರಬಂದವು, ಲೋಟಗಳು ಬಂದವು, ಕೊನೆಗೆ ಬಟ್ಟೆಯ ಗಂಟಿನಲ್ಲಿ ಕಟ್ಟಿದ್ದ ಹಿಟ್ಟು. ಅವನ ಮುಖ ಬಿಗಿಯಾಯಿತು. ಟೀವಿ ಸೀರಿಯಲ್ಲುಗಳಿಂದ ಕಲಿತ ನನ್ನ ಹಿಂದಿ ಅಂಥ ಹೊತ್ತಿನಲ್ಲಿ ಗಂಟಲಿನಿಂದ ಹೊರಡುವುದಿಲ್ಲ. ಜಯಕ್ಕ ಮಾತ್ರ ಹೆದರದೆ ಶುದ್ಧ ಕನ್ನಡದಲ್ಲೇ ಹೇಳಿದಳು: "ರಾಗಿ ಕಣಪ್ಪ. ನಮ್ಮೊಲದ್ದು. ಮುದ್ದೆ ಮಾಡಾಕೆ." ಹೇಳುತ್ತಲೇ ಎರಡೂ ಅಂಗೈಯಲ್ಲಿ ಗಾಳಿಯಲ್ಲೇ ಒಂದು ಮುದ್ದೆ ಕಟ್ಟಿ ತೋರಿಸಿದಳು. ಅವನು ಹಿಟ್ಟನ್ನು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡ. "ಕೋದೋ" ಎಂದ, ರಾಗಿಗೆ ಅವರ ಹೆಸರು. ಮುಖ ಅರಳಿತು. ತನ್ನ ಊರಿನ ಕಡೆ ಕೈ ತೋರಿಸಿ, ಎದೆ ಮುಟ್ಟಿಕೊಂಡು, ಗಂಟನ್ನು ತಾನೇ ಕಟ್ಟಿಕೊಟ್ಟ. ಪರದೇಶದಲ್ಲಿ ನಮ್ಮನ್ನು ಮೊದಲು ಗುರುತಿಸಿದ್ದು ರಾಗಿ.

ಭೈರಹವಾ

ಬೆಟ್ಟದ ಬಸ್ಸಿಗೆ ಕಾಯುತ್ತಾ ಕುಳಿತಿದ್ದಾಗ ಒಬ್ಬ ಹೆಂಗಸು, ಯಾವ ದೇವಸ್ಥಾನಕ್ಕೆ ಹೊರಟಿದ್ದೀರಿ ಎಂದು ಕೇಳಿದಳು. ದೇವಸ್ಥಾನಕ್ಕಲ್ಲ, ಮದುವೆ ಊಟಕ್ಕೆ ಎಂದೆ. ಅಷ್ಟು ದೂರದಿಂದ ಊಟಕ್ಕೆ ಬಂದಿರಾ ಎಂದು ಅವಳು ನಮ್ಮಿಬ್ಬರ ಹೊಟ್ಟೆಯ ಕಡೆ ನೋಡಿದಳು.

ಓದುವವರಿಗೂ ಇದನ್ನು ಹೇಳಬೇಕು. ನಮ್ಮದು ಸಿಂಧಘಟ್ಟದ ಹತ್ತಿರದ ಒಂದು ಊರು. ನಾನು ಹಾಲಿನ ಡೈರಿಯ ಕಾರ್ಯದರ್ಶಿ, ಹೆಸರು ಸಾವಿತ್ರಿ. ಒಂದು ವರ್ಷ ನಮ್ಮ ಕೆರೆ ತುಂಬಿದ್ದರೂ ಗದ್ದೆಗೆ ನೀರು ಬರಲಿಲ್ಲ. ಗಂಡಸರು ಇಳಿದು ತೂಬು ಬಿಡಿಸಿದರೆ ಒಳಗಿನಿಂದ ಬಂದದ್ದು ಹೂಳಲ್ಲ, ಉಂಡು ಎಸೆದ ಪ್ಲಾಸ್ಟಿಕ್ ತಟ್ಟೆ, ನೀರಿನ ಲೋಟ, ಐಸ್‌ಕ್ರೀಮ್ ಬಟ್ಟಲು. ನಮ್ಮದೇ ಮದುವೆಗಳದ್ದು, ನಮ್ಮದೇ ತಿಥಿಗಳದ್ದು. ಏರಿಯ ಮೇಲೆ ಆ ರಾಶಿ ನೋಡುತ್ತಾ ನಿಂತ ಹೆಂಗಸರು ಅವತ್ತೇ ಮಾತಾಡಿಕೊಂಡೆವು. ಪ್ರತಿ ಮನೆಯಿಂದ ಒಂದಿಷ್ಟು ಸ್ಟೀಲ್ ತಟ್ಟೆ, ಲೋಟ ಕೊಡುವುದು. ಡೈರಿಯ ಹಿಂದಿನ ಕೋಣೆಯಲ್ಲಿ ಇಡುವುದು. ಯಾರ ಮನೆಯಲ್ಲಿ ಊಟವಿದ್ದರೂ ಒಯ್ಯುವುದು, ತೊಳೆದು ತಂದಿಡುವುದು. ಜನ ಅದನ್ನು ತಟ್ಟೆ ಮನೆ ಎಂದು ಕರೆದರು. ತಟ್ಟೆಗಳ ಅಂಚಿನಲ್ಲಿ ಕೊಟ್ಟವರ ಹೆಸರಿದೆ. ನಿಂಗಮ್ಮನ ತಟ್ಟೆಯಲ್ಲಿ ನಾನು ಉಂಡರೆ ನನ್ನ ತಟ್ಟೆಯಲ್ಲಿ ಇನ್ಯಾರೋ ಉಣ್ಣುತ್ತಾರೆ.

ಮೊದಮೊದಲು ಜಯಕ್ಕನ ಗಂಡನೇ, ಅಂದರೆ ನಮ್ಮ ಭಾವನೇ, "ಮದ್ವೆಗ್ ಬಂದೋರ್ಗೆ ಓಟ್ಲು ತಟ್ಟೆ ಆಕ್ತೀರಾ, ಮರ್ವಾದಿ ಓಗ್ತದೆ" ಎಂದು ಕೂಗಾಡಿದ್ದರು. ಈಗ ನಮ್ಮ ತಟ್ಟೆಗಳು ಶ್ರೀರಂಗಪಟ್ಟಣದ ಛತ್ರಗಳಿಗೂ ನಾಗಮಂಗಲದ ಕಡೆಯ ಹಳ್ಳಿಗಳಿಗೂ ಹೋಗಿಬರುತ್ತವೆ. ಗಾಡಿ ಓಡಿಸುವವರು ನಮ್ಮ ಭಾವನೇ. ಇದನ್ನು ಬರೆಯುವಾಗ ನನಗೆ ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ.

ಮೈಸೂರಿಗೆ ಮಹಿಳಾ ಸಂಘಗಳ ಸಭೆಗೆಂದು ಬಂದಿದ್ದ ನೇಪಾಳದ ಮಾಯಾ ಎಂಬ ಹೆಣ್ಣುಮಗಳನ್ನು ಯಾರೋ ನಮ್ಮೂರಿಗೆ ಕರೆತಂದರು. ಅವತ್ತು ಒಂದು ಬೀಗರೂಟವಿತ್ತು. ಅವಳು ಉಂಡು, ನಮ್ಮ ಜೊತೆ ಕುಳಿತು ತಟ್ಟೆ ತೊಳೆದು, ಹೋಗುವಾಗ ಹಿಂದಿಯಲ್ಲಿ, "ಚಳಿಗಾಲಕ್ಕೆ ನನ್ನ ತಮ್ಮನ ಮದುವೆ. ನಮ್ಮೂರಲ್ಲಿ ಮೊದಲ ಸಲ ಹೀಗೆ ಮಾಡಬೇಕು ಎಂದಿದ್ದೇನೆ. ನೀವು ಪಕ್ಕದಲ್ಲಿದ್ದರೆ ಧೈರ್ಯ" ಎಂದಳು. ಮಾತಿಗೆ ಕರೆದಳು ಎಂದುಕೊಂಡಿದ್ದೆವು. ಅವಳು ಫೋನು ಮಾಡುತ್ತಲೇ ಹೋದಳು. ರಾಗಿ ಕೊಯ್ದು ಮೆದೆ ಹಾಕಿ ಹೊರಟೆವು.

ಬೆಟ್ಟದ ದಾರಿ

ಬುಟ್ವಲ್ ದಾಟಿದ ಮೇಲೆ ಬಸ್ಸು ಬೆಟ್ಟ ಹತ್ತತೊಡಗಿತು. ಒಂದು ಕಡೆ ಗೋಡೆಯಂತೆ ನಿಂತ ಮಣ್ಣು, ಇನ್ನೊಂದು ಕಡೆ ನೋಡಲಾಗದ ಆಳ. ರಸ್ತೆ ಅಗಲ ಮಾಡುವ ಯಂತ್ರಗಳು ಬೆಟ್ಟದ ಹೊಟ್ಟೆ ಬಗೆಯುತ್ತಿದ್ದವು. ಕಂಡಕ್ಟರು ಎಲ್ಲರಿಗೂ ಒಂದೊಂದು ತೆಳು ಪ್ಲಾಸ್ಟಿಕ್ ಕವರು ಹಂಚಿದ. ಏನೋ ಪ್ರಸಾದವಿರಬೇಕೆಂದು ನಾವೂ ಕೈ ಚಾಚಿದೆವು. ಮುಂದಿನ ಸೀಟಿನವರು ಅದಕ್ಕೆ ವಾಂತಿ ಮಾಡಿ ಕಿಟಕಿಯಿಂದ ಎಸೆದಾಗ ಅರ್ಥವಾಯಿತು. ಕೆಳಗೆ ಪೊದೆಗಳ ಮೇಲೆಲ್ಲ ಅಂಥ ಗಂಟುಗಳು ನೇತಾಡುತ್ತಿದ್ದವು.

ಮೂರನೆಯ ತಿರುವಿಗೆ ಜಯಕ್ಕನ ಮುಖ ಬಿಳಿಚಿಕೊಂಡಿತು. ನಾನು ಕವರು ಕೊಟ್ಟೆ. ಅವಳು ಅದನ್ನು ನೂಕಿ, ಚಕ್ಕುಲಿ ತುಂಬಿದ್ದ ಸ್ಟೀಲ್ ಡಬ್ಬ ತೆಗೆದು, ಚಕ್ಕುಲಿಯನ್ನೆಲ್ಲ ನನ್ನ ಮಡಿಲಿಗೆ ಸುರಿದು, ಡಬ್ಬಕ್ಕೆ ವಾಂತಿ ಮಾಡಿ ಮುಚ್ಚಳ ಬಿಗಿದಳು.

"ಡಬ್ಬ ಅಲ್ವಾ ಅಕ್ಕ ಅದು" ಎಂದೆ.

"ಡಬ್ಬ ತೊಳುದ್ರೆ ಓಯ್ತದೆ. ಆ ಕವರು ಎಲ್ಲಿಗ್ ಓದದು?" ಎಂದು ಕಣ್ಣು ಮುಚ್ಚಿದಳು.

ಉಳಿದ ದಾರಿಯೆಲ್ಲ ಮಡಿಲಲ್ಲಿ ಚಕ್ಕುಲಿ ಇಟ್ಟುಕೊಂಡು ಕುಳಿತೆ. ಅಕ್ಕಪಕ್ಕದವರಿಗೆಲ್ಲ ಹಂಚಿದೆ. ಇಳಿಯುವ ಹೊತ್ತಿಗೆ ಇಡೀ ಬಸ್ಸಿಗೆ ನಾವು ನೆಂಟರಾಗಿದ್ದೆವು.

ಮಾಯಾಳ ಊರು

ತಾನ್‌ಸೇನ್ ಪೇಟೆಗಿಂತ ಕೆಳಗೆ, ಕಾಡಿನ ಅಂಚಿಗೆ ಮಾಯಾಳ ಊರು. ಕೆಮ್ಮಣ್ಣು ಬಳಿದ ಮನೆಗಳು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹೊಲಗಳು. ಹೊಲದಲ್ಲಿ ಹೆಂಗಸರು ತೆನೆ ಕೊಯ್ಯುತ್ತಿದ್ದರು. ಜಯಕ್ಕ ಚೀಲ ಕೆಳಗಿಟ್ಟು, ಬದು ಇಳಿದು, ಒಂದು ತೆನೆ ಹಿಡಿದು ನೋಡಿದಳು. ನಮ್ಮದೇ ರಾಗಿ. ತೆನೆ ಸ್ವಲ್ಪ ಚಿಕ್ಕದು. ಜಯಕ್ಕನ ಮುಖದಲ್ಲಿ, ನಮ್ಮದು ದೊಡ್ಡದು ಎಂಬ ಸಂತೋಷ ಸ್ಪಷ್ಟವಾಗಿ ಕಾಣುತ್ತಿತ್ತು.

ಮಾಯಾಳ ತಾಯಿಯನ್ನು ಎಲ್ಲರೂ ಆಮಾ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಗಂಡ ಸತ್ತ ಮೇಲೆ ಒಬ್ಬಳೇ ಮಕ್ಕಳನ್ನು ಬೆಳೆಸಿದವಳು. ಗಟ್ಟಿ ಹೆಂಗಸು, ಕಡಿಮೆ ಮಾತು. ಆ ಸಂಜೆ ಕಂಚಿನ ತಟ್ಟೆಯಲ್ಲಿ ಅವಳು ಬಡಿಸಿದ್ದು ಢಿಂಡೋ. ನೋಡಿದ ಕೂಡಲೇ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮುದ್ದೆಯನ್ನು ಉಂಡೆ ಕಟ್ಟದೆ ಮೆತ್ತಗೆ ಬಿಟ್ಟರೆ ಹೇಗಿರುತ್ತದೋ ಹಾಗೆ. ಜೊತೆಗೆ ಸೊಪ್ಪಿನ ಸಾರು. ಬೇರೆ ಊರಿನವರು ಮುದ್ದೆಯನ್ನು ಅಗಿದು ಅವಮಾನ ಮಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆಮಾ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದಳು.

"ನಮ್ಮೋರು ಕಣೇ ಇವ್ರು" ಎಂದಳು ಜಯಕ್ಕ. "ಬಸ್ಸಾರ್ ಒಂದ್ ಕಲಿಸ್ಕೊಟ್ರೆ ಆಯ್ತು."

ಊಟದ ಹಿಂದಿನ ದಿನ

ಅಲ್ಲಿಯ ಪದ್ಧತಿಯಲ್ಲಿ, ಗಂಡಿನವರು ಹೋಗಿ ಮದುವೆ ಮಾಡಿಕೊಂಡು ಸೊಸೆಯನ್ನು ಕರೆತಂದ ಮೇಲೆ ಗಂಡಿನ ಮನೆಯಲ್ಲಿ ಊರಿಗೆಲ್ಲ ಊಟ. ನಮ್ಮ ಬೀಗರೂಟದ ಹಾಗೇ. ಬುಟ್ವಲ್‌ನ ಒಂದು ದೇವಸ್ಥಾನದ ಸ್ಟೀಲ್ ತಟ್ಟೆಗಳನ್ನು ಮಾಯಾ ಗೊತ್ತು ಮಾಡಿದ್ದಳು. ಸೊಸೆ ಮನೆ ತುಂಬಿದ ಬೆಳಿಗ್ಗೆ ಫೋನು ಬಂತು. ನಾವು ಬಂದ ದಾರಿಯಲ್ಲಿ ಬೆಟ್ಟ ಕುಸಿದು ರಸ್ತೆ ಮುಚ್ಚಿದೆ, ಪುಣ್ಯಕ್ಕೆ ಯಾರಿಗೂ ಏನೂ ಆಗಿಲ್ಲ, ಆದರೆ ತಟ್ಟೆಯ ಗಾಡಿ ಬರುವಂತಿಲ್ಲ.

ಮಾಯಾ ಫೋನು ಹಿಡಿದು ಜಗುಲಿಯಲ್ಲೇ ಕುಳಿತುಬಿಟ್ಟಳು.

ಅವಳ ಸೋದರಮಾವ, ಆಮಾಳ ತಮ್ಮ, ಇದಕ್ಕೇ ಕಾಯುತ್ತಿದ್ದವನಂತೆ ಒಳಗಿನಿಂದ ರಟ್ಟಿನ ಪೆಟ್ಟಿಗೆಗಳನ್ನು ಎಳೆದು ತಂದ. ಒಳಗೆ ಮೇಣದಂಥ ಹೊಳಪಿನ, ಬಂಗಾರದ ಅಂಚಿನ ಕಾಗದದ ತಟ್ಟೆಗಳು. ಗಲ್ಫಿನಲ್ಲಿ ಬಹಳ ವರ್ಷ ದುಡಿದು ಬಂದ ಮನುಷ್ಯ. ಒಳ್ಳೆಯ ಕೋಟು, ಒಳ್ಳೆಯ ಬೂಟು. ಅವನು ಸಿಟ್ಟಿನಿಂದ ಮಾತಾಡಲಿಲ್ಲ. "ನನ್ನ ಅಕ್ಕ ಎಷ್ಟು ಬಡತನ ಕಂಡಳು ಎಂದು ಈ ಊರಿಗೆ ಗೊತ್ತು. ಇವತ್ತು ಅವಳ ಮನೆಯಲ್ಲಿ ಹೊಸ ತಟ್ಟೆಯಲ್ಲಿ ಬಡಿಸಬೇಕು ಅಂತ ನನಗೆ ಆಸೆ. ಅದರಲ್ಲಿ ತಪ್ಪೇನು?" ಎಂದು ನನ್ನನ್ನು ಹಿಂದಿಯಲ್ಲಿ ಕೇಳಿದ.

ತಪ್ಪಿಲ್ಲ. ನಮ್ಮ ಭಾವ ಕೂಗಾಡಿದ್ದೂ ಇದೇ ಮಾತಿಗೆ. ಆದರೆ ಊಟವಾದ ಮೇಲೆ ಆ ತಟ್ಟೆಗಳು ಎಲ್ಲಿಗೆ ಹೋಗುತ್ತವೆ ಎಂದು ಆ ಮನೆಯ ಹಿಂದಿನ ಹಳ್ಳ ನೋಡಿದವರಿಗೆ ಗೊತ್ತಾಗುತ್ತಿತ್ತು. ಹಳ್ಳದಲ್ಲಿ ನೀರು ಕಾಣುತ್ತಿರಲಿಲ್ಲ, ಹಿಂದಿನ ಮದುವೆಗಳು ಕಾಣುತ್ತಿದ್ದವು. ಮಾಯಾ ತನ್ನ ಸಂಘದ ಹೆಂಗಸರೆಲ್ಲರ ಮುಂದೆ, ಮೊದಲು ನಮ್ಮ ಮನೆಯಿಂದ ಶುರು ಎಂದು ಮಾತು ಕೊಟ್ಟಿದ್ದಳು. ಅವಳ ಮನೆಯಲ್ಲೇ ಮುರಿದು ಬಿದ್ದರೆ ಇನ್ನು ಯಾರ ಮನೆಯಲ್ಲಿ ನಿಲ್ಲುತ್ತದೆ? ಆಮಾ ತಮ್ಮನ ಮುಖವನ್ನೂ ಮಗಳ ಮುಖವನ್ನೂ ನೋಡುತ್ತಿದ್ದಳು.

ಜಯಕ್ಕ ಮಾತ್ರ ಅಂಗಳದಾಚೆ ಕಾಡಿನ ಕಡೆ ನೋಡುತ್ತಿದ್ದಳು. "ಆ ಮರ ಯಾವ್ದು ಕೇಳೇ. ಎಲೆ ಅಗಲವಾಗವೆ."

ಸಾಲ್ ಮರ ಎಂದಳು ಮಾಯಾ. ಪೂಜೆಗೆ ಅದರಲ್ಲಿ ದೊನ್ನೆಯಂತೆ ಟಪರಿ ಹೊಲಿಯುತ್ತಾರೆ, ಹಿಂದೆ ಊಟಕ್ಕೂ ಅದೇ ಇತ್ತು, ಈಗ ಯಾರೂ ಹೊಲಿಯುವುದಿಲ್ಲ.

"ನಾನ್ ಮದ್ವೆಯಾಗಿ ಬಂದಾಗ ನಮ್ಮತ್ತೆ ಬ್ಯಾಸ್ಗೆ ಪೂರಾ ಮುತ್ತುಗದೆಲೆ ಹಚ್ಚಿಸೋರು" ಎಂದು ಜಯಕ್ಕ ಎದ್ದು ಸೆರಗು ಸಿಕ್ಕಿಸಿದಳು. "ಆ ಮಾವಂಗೆ ಏಳು, ನಮ್ಮಪ್ಪನ ಮದ್ವೇಲಿ ಪಟೇಲರು ಎಲೆಮೇಲೇ ಉಂಡ್ರಂತೆ. ಅವ್ರೇನ್ ಬಡವ್ರಾ?"

ಹೇಳಿದೆ. ಅವನು ಪೆಟ್ಟಿಗೆಗಳನ್ನು ಒಳಕ್ಕೆ ತಳ್ಳಲಿಲ್ಲ.

ಕಾಡು ಊರಿನವರದೇ. ಅದನ್ನು ನೋಡಿಕೊಳ್ಳುವ ಸಮಿತಿಗೆ ಒಬ್ಬ ಹೆಂಗಸು ಮುಖ್ಯಸ್ಥೆ. ಅವಳ ಅಪ್ಪಣೆ ಇಲ್ಲದೆ ಒಂದು ಎಲೆ ಕೀಳುವಂತಿಲ್ಲ. ಮಾಯಾ ಅಪ್ಪಣೆ ಕೇಳಿದಳು. ಆಕೆ ಕುಡುಗೋಲು ಬೇಡ, ಕೊಂಬೆ ಮುರಿಯಬೇಡಿ, ಕೈಗೆ ಎಟುಕುವಷ್ಟೇ, ಒಂದೇ ಮರ ಬೋಳು ಮಾಡಬೇಡಿ ಎಂದು ಹೇಳಿ, ತಾನೂ ಬುಟ್ಟಿ ತೆಗೆದುಕೊಂಡು ಬಂದಳು. ದೇವಲಾಪುರದ ಕಡೆಯ ನಮ್ಮ ಒಣಗುಡ್ಡಗಳು ನೆನಪಾದವು. ಅಲ್ಲಿ ಹಿಂದೆ ಎಷ್ಟು ಮುತ್ತುಗವಿತ್ತು ಎಂದು ಹಳಬರು ಹೇಳುತ್ತಾರೆ. ಕಾಯಲು ಇಂಥ ಒಬ್ಬಳಿದ್ದಿದ್ದರೆ ಎನಿಸಿತು. ಹೆಮ್ಮೆ ಹೊತ್ತು ಹೋಗಿದ್ದ ನಾನು ಆ ಕಾಡಿನಲ್ಲಿ ಸ್ವಲ್ಪ ಹೊಟ್ಟೆಕಿಚ್ಚು ಪಟ್ಟೆ.

ಅಂಗಳದಲ್ಲಿ ಎಲೆ ರಾಶಿ ಬಿತ್ತು. ಜಯಕ್ಕ ಒಂದು ಕಡೆ, ಆಮಾ ಒಂದು ಕಡೆ ಕುಳಿತರು. ಜಗಳ ಅಲ್ಲೇ ಶುರುವಾಯಿತು. ಜಯಕ್ಕನದು ಅಗಲವಾದ ಚಪ್ಪಟೆ ಎಲೆ. ಆಮಾಳದು ಅಂಚು ಮಡಿಸಿದ ಗುಂಡನೆಯ ಬಟ್ಟಲು. ಜಯಕ್ಕ ಆಮಾಳ ಎಲೆಯ ಕಡ್ಡಿ ಬಿಚ್ಚಿ, ಇಂಗಲ್ಲ ಎಂದು ಹೊಲಿದು ಕೊಟ್ಟಳು. ಆಮಾ ಜಯಕ್ಕನ ಎಲೆ ತೆಗೆದುಕೊಂಡು ಅದಕ್ಕೆ ಒಂದು ಚೊಂಬು ನೀರು ಹೊಯ್ದಳು. ನೀರು ನೇರ ಜಯಕ್ಕನ ಸೀರೆಯ ಮೇಲೆ ಹರಿಯಿತು. ಅಲ್ಲಿಯವರು ಅನ್ನಕ್ಕೆ ತೆಳ್ಳಗಿನ ಬೇಳೆ ಸುರಿದುಕೊಂಡು ಉಣ್ಣುವವರು. ಅಂಚಿಲ್ಲದ ಎಲೆಯಲ್ಲಿ ಅದು ನಿಲ್ಲುವುದಿಲ್ಲ. ಅಂಗಳದ ತುಂಬ ನಗು.

"ಆಯ್ತು ಬುಡವ್ವ, ನಂದು ಮುದ್ದೆಗೆ, ನಿಂದು ಅನ್ನಕ್ಕೆ" ಎಂದು ಜಯಕ್ಕ ಸೀರೆ ಹಿಂಡಿಕೊಂಡು ಬಟ್ಟಲು ಹೊಲಿಯುವುದನ್ನು ಕಲಿತಳು.

ನಗು ಕೇಳಿ ಒಬ್ಬೊಬ್ಬರೇ ಬಂದರು. ಮರೆತಿದ್ದೇವೆ ಎಂದವರ ಬೆರಳುಗಳು ಮರೆತಿರಲಿಲ್ಲ. ಕಡ್ಡಿ ಸಾಲದಾಯಿತು. ಆಗ ಮನೆಯ ಪಕ್ಕದಿಂದ ಬಿದಿರು ಸೀಳುವ ಸದ್ದು ಬಂತು. ನೋಡಿದರೆ ಮಾವ ಕೋಟು ಕಳಚಿ ಗೂಟಕ್ಕೆ ಹಾಕಿ, ಖುಕುರಿ ಕತ್ತಿ ಹಿಡಿದು ಕೂದಲೆಳೆಯಷ್ಟು ತೆಳ್ಳಗೆ ಕಡ್ಡಿ ಸೀಳುತ್ತಿದ್ದಾನೆ. ದೀಪ ಹಚ್ಚುವ ಹೊತ್ತಿಗೆ ಟಪರಿಗಳು ಗೋಡೆಯುದ್ದಕ್ಕೂ ಕಂಬಕಂಬವಾಗಿ ನಿಂತಿದ್ದವು.

ಊಟದ ದಿನ

ಊಟ ಚೆನ್ನಾಗಿ ನಡೆಯಿತು. ಹಳಬರು ಎಲೆ ಮೂಸಿ ನೋಡಿ ಕೂತರು. ಬಿಸಿ ಅನ್ನ ಬಿದ್ದಾಗ ಹಸಿ ಎಲೆಯಿಂದ ಏಳುವ ವಾಸನೆಗೇ ಹಸಿವು ಹೆಚ್ಚುತ್ತದೆ. ಆದರೆ ಊರು ಕರೆದಾಗ ಲೆಕ್ಕಕ್ಕಿಂತ ಹೆಚ್ಚು ಜನ ಬರುವುದು ಎಲ್ಲ ದೇಶಕ್ಕೂ ಒಂದೇ. ಕೊನೆಯ ಪಂಕ್ತಿಗೆ, ಪೇಟೆಯಿಂದ ಬಂದ ನೆಂಟರು ಕುಳಿತ ಹೊತ್ತಿಗೆ, ಟಪರಿ ಮುಗಿದವು.

ಮಾವ ಮಾಯಾಳ ಕಡೆ ನೋಡಿದ. ಅವನ ಮುಖದಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. "ಏನು ಮಾಡಲಿ, ಹೇಳು" ಎಂದು ಪೆಟ್ಟಿಗೆಯ ಮೇಲೆ ಕೈ ಇಟ್ಟ. ಮಾಯಾಳ ಕಣ್ಣು ತುಂಬಿತ್ತು. ನನಗೂ ಬೇರೆ ದಾರಿ ಹೊಳೆಯಲಿಲ್ಲ. ಆಗಲಿ ಎಂದು ಹೇಳಲು ಬಾಯಿ ತೆರೆದಿದ್ದೆ.

ಆಮಾ ಒಳಗೆ ಹೋದಳು. ಹೊರಗೆ ಬಂದಾಗ ಅವಳ ಸೊಂಟದ ಮೇಲೆ ಕಂಚಿನ ತಟ್ಟೆಗಳ ಪೇರಿಕೆ. ನಮಗೆ ಢಿಂಡೋ ಬಡಿಸಿದವು, ಅವಳ ಮದುವೆಗೆ ತವರಿನಿಂದ ಬಂದವು. ಅವುಗಳನ್ನು ಪಂಕ್ತಿಯ ಮುಂದೆ ಇಟ್ಟು, ಬೀದಿಯ ಕಡೆ ತಿರುಗಿ ಏನೋ ಕೂಗಿ ಹೇಳಿದಳು. ಕಡಿಮೆ ಮಾತಿನ ಹೆಂಗಸಿನ ದನಿ ಅಷ್ಟು ಜೋರಿತ್ತು. ಪಕ್ಕದ ಮನೆಯವಳು ಎದ್ದು ಹೋದಳು. ಅದರಾಚೆಯವಳೂ ಹೋದಳು. ಸೆರಗಿನಲ್ಲಿ, ಬುಟ್ಟಿಯಲ್ಲಿ, ತಲೆಯ ಮೇಲೆ ಕಂಚು, ಹಿತ್ತಾಳೆ, ಸ್ಟೀಲು ಬರತೊಡಗಿದವು. ಒಬ್ಬಳು ಅಟ್ಟದಿಂದ ಇಳಿಸಿದ ತಟ್ಟೆಯ ದೂಳನ್ನು ಸೆರಗಿನಿಂದ ಒರೆಸುತ್ತಾ ತಂದಳು. ಕಾಡು ಕಾಯುವ ಹೆಂಗಸು ಹೆಬ್ಬೆರಳಿನಿಂದ ತಟ್ಟೆ ತಟ್ಟಿ ಸದ್ದು ಕೇಳಿಸಿ ನಕ್ಕಳು. ನಾವು ಕಾಣಿಕೆಗೆ ಒಯ್ದಿದ್ದ ತಟ್ಟೆಗಳೂ ಅದೇ ಸಾಲಿಗೆ ಸೇರಿದವು.

ತಟ್ಟೆ ಮನೆಯ ವಿಷಯ ನಾನು ಅಲ್ಲಿ ಯಾರಿಗೂ ವಿವರಿಸಿರಲಿಲ್ಲ. ಅದು ನನ್ನ ಕಣ್ಣ ಮುಂದೆ ಮತ್ತೊಮ್ಮೆ ತಾನಾಗಿ ಹುಟ್ಟಿತು. ನಮ್ಮ ಕೆರೆ ಏರಿಯ ಮೇಲೆ ನಿಂತ ಹೆಂಗಸರನ್ನೂ ಈ ಹೆಂಗಸರನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಯಾರು ಯಾವ ದೇಶದವರೆಂದು ಹೇಳುವುದು ಕಷ್ಟ.

ತೊಳೆಯುವಾಗ ಬೂದಿ, ಹುಲ್ಲು ಹಿಡಿದು ನಮ್ಮ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತವನು ಮಾವ. ಒಳ್ಳೆಯ ಬೂಟಿನ ಮೇಲೆಲ್ಲ ಬೂದಿನೀರು. ತಟ್ಟೆ ಉಜ್ಜುತ್ತಲೇ ನನ್ನನ್ನು ಕೇಳಿದ: "ನಿಮಗೆ ಇದರಿಂದ ಏನು ಸಿಗುತ್ತದೆ?"

ಸಭೆಗಳಲ್ಲಿ ಈ ಪ್ರಶ್ನೆಗೆ ಭೂಮಿ, ಮುಂದಿನ ಪೀಳಿಗೆ ಎಂದೆಲ್ಲ ಹೇಳಿದ್ದೇನೆ. ಸುಳ್ಳಲ್ಲ. ಅವತ್ತು ಬಾಯಿಗೆ ಬಂದದ್ದು ಬೇರೆ. "ಮೊದಲು ನಮ್ಮೂರಲ್ಲಿ ಮದುವೆಯಾದ ಮಾರನೇ ದಿನ, ಎಸೆದ ತಟ್ಟೆ ನೋಡಲಾಗದೆ, ಕೆರೆಯ ದಾರಿ ಬಿಟ್ಟು ಸುತ್ತಿಕೊಂಡು ಡೈರಿಗೆ ಹೋಗುತ್ತಿದ್ದೆ. ಈಗ ಕೆರೆಯ ಮೇಲೇ ಹೋಗುತ್ತೇನೆ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅಷ್ಟೇ" ಎಂದೆ.

ಅವನು ತಲೆಯಾಡಿಸಿದ. ಮುಂದಿನ ತಟ್ಟೆ ತೆಗೆದುಕೊಂಡ.

ಮರುದಿನ ಬೆಳಿಗ್ಗೆ ಟಪರಿಗಳನ್ನು ಎಮ್ಮೆಗಳು ತಿನ್ನುತ್ತಿದ್ದವು, ಉಳಿದವು ತಿಪ್ಪೆ ಸೇರಿದ್ದವು. ಪೆಟ್ಟಿಗೆಗಳನ್ನು ಮಾವ ಅಂಗಡಿಗೆ ವಾಪಸು ಹೊರಿಸಿದ. ರಸ್ತೆ ತೆರೆದ ಮೇಲೆ, ಹೊರಡುವಾಗ ಆಮಾ ಜಯಕ್ಕನ ಹಣೆಗೆ ಮೊಸರಕ್ಕಿಯ ಕೆಂಪು ತಿಲಕವಿಟ್ಟು ಬಹಳ ಹೊತ್ತು ಕೈ ಬಿಡಲಿಲ್ಲ. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಒಟ್ಟಿಗೇ ಮಾತಾಡಿದರು. ಅನುವಾದ ಮಾಡಲು ನನ್ನನ್ನು ಯಾರೂ ಕೇಳಲಿಲ್ಲ.

ಪಾಂಡವಪುರ

ಊರಿಗೆ ಬಂದ ಮೇಲೆ ಪಾಂಡವಪುರದಲ್ಲಿ ಸುತ್ತಲ ತಾಲ್ಲೂಕುಗಳ ಹೆಂಗಸರ ಸಭೆ ಕರೆದರು. ನೇಪಾಳದ ವಿಷಯ ಹೇಳಬೇಕೆಂದರು. ನಾನು ಬೇಕಾದಷ್ಟು ಮಾತಾಡಿದೆ. ಕೊನೆಗೆ ಯಾರೋ, ಜಯಮ್ಮನವರೂ ಎರಡು ಮಾತು ಹೇಳಲಿ ಎಂದರು. ಜಯಕ್ಕ ಸಭೆಗಳಲ್ಲಿ ಕೊನೆಯ ಸಾಲಿನಲ್ಲಿ ಕೂರುವವಳು, ಮೈಕು ಮುಟ್ಟಿದವಳಲ್ಲ. ಅವತ್ತು ಎದ್ದಳು. ಸೆರಗು ಹೊದ್ದು, ಮೈಕಿನಿಂದ ಒಂದು ಮೊಳ ದೂರವೇ ನಿಂತಳು.

"ನಾವ್ ದೊಡ್ಡದೇನೂ ಮಾಡ್ನಿಲ್ಲ ಕಣ್ರವ್ವ. ಅಷ್ಟ್ ಜನ ಕೂತು ಉಂಡೋ. ಎದ್ದ್ ಮ್ಯಾಲೆ ನೆಲ ಎಂಗಿತ್ತೋ ಅಂಗೇ ಬುಟ್ಬಂದೋ. ಅವತ್ತು ಉಂಡಂಗೆ ನಾನ್ ಯಾವತ್ತೂ ಉಂಡಿಲ್ಲ."

ಅಷ್ಟು ಹೇಳಿ ಇಳಿಯಲು ಹೊರಟಳು. ಚಪ್ಪಾಳೆ ಬೀಳುವ ಮುಂಚೆ, ನಾಗಮಂಗಲದ ಕಡೆಯಿಂದ ಬಂದಿದ್ದ ಒಬ್ಬ ಮುದುಕಿ ಕುಳಿತಲ್ಲಿಂದಲೇ ಕೇಳಿದಳು: "ಮುಂದಿನ್ ಸ್ವಾಮಾರ ನಮ್ಮ್ ಮೊಮ್ಮಗಳ ಮದ್ವೆ ಅದೆ. ಬತ್ತಿಯೇನವ್ವ?"

ಜಯಕ್ಕ ಮೆಟ್ಟಿಲ ಮೇಲೆ ನಿಂತು ಯೋಚಿಸಿದಳು.

"ಬತ್ತೀನಿ. ಬರೋ ಅಷ್ಟ್ರಲ್ಲಿ ಎಲೆ ಕಿತ್ತಿಡಿ. ಕೊಂಬೆ ಮುರೀಬ್ಯಾಡಿ."